ಕನ್ಸೋಲಿಗೆ ಗಾಯವಾಗದಂತೆ ಒಂದು ಆರ್ಕೇಡ್ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು ನಿಂಟೆಂಡೊ ಕಂಪನಿಯ ಹಳೆಯ ಆಟದ ಕನ್ಸೋಲ್, ಅಂದರೆ ಟೀವಿಗೆ ಜೋಡಿಸಿ ಆಡುವ ಯಂತ್ರ, ಎನ್‌ಇಎಸ್. ಇನ್ನೊಂದು ಒಂದು ಹಲಗೆ. ಅದರ ಮೇಲೆ ಒಂದು ಜಾಯ್‌ಸ್ಟಿಕ್, ನಾಲ್ಕು ಬಟನ್. ಇವೆರಡೂ ನಾನು ಕಟ್ಟಿದ ಆರ್ಕೇಡ್ ಪೆಟ್ಟಿಗೆಯ ಭಾಗಗಳು. ಆರ್ಕೇಡ್ ಅಂದರೆ ಅಂಗಡಿಗಳಲ್ಲಿ ನಾಣ್ಯ ಹಾಕಿ, ನಿಂತು ಆಡುವ ಆಟದ ಯಂತ್ರ. ಇಡೀ ಪೆಟ್ಟಿಗೆಯನ್ನು ಇಲ್ಲಿಗೆ ತರಲಾಗಲಿಲ್ಲ. ಅದು ಆಳೆತ್ತರ ಇದೆ, ಇಬ್ಬರು ಹಿಡಿದರೂ ಭಾರ. ಆದರೆ ಇವೆರಡನ್ನು ಬಿಚ್ಚಿ ತರೋಕೆ ಹತ್ತು ನಿಮಿಷ ಸಾಕಾಯಿತು. ಹಿಂದಿನ ಬಾಗಿಲು ತೆಗೆದೆ, ನಾಲ್ಕು ಪ್ಲಗ್ ಕಿತ್ತೆ, ಕನ್ಸೋಲ್ ಎತ್ತಿಕೊಂಡೆ. ಬೇಕಾದರೆ ತಿರುಗಿಸಿ ನೋಡಿ. ಇದರ ಮೈಮೇಲೆ ನಾನು ಕೊರೆದ ಒಂದು ತೂತೂ ಇಲ್ಲ. ಒಳಗೆ ನಾನು ಹಾಕಿದ ಒಂದು ಬೆಸುಗೆಯೂ ಇಲ್ಲ.

ಈ ಮಾತನ್ನು ಮೊದಲೇ ಹೇಳೋಕೆ ಕಾರಣ ಇದೆ. ಹಳೆಯ ಕನ್ಸೋಲನ್ನು ಪೆಟ್ಟಿಗೆಗೆ ಸೇರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅಂದರೆ ಕನ್ಸೋಲನ್ನೇ ಬಿಚ್ಚುವುದು. ಹೊರಗಿನ ಪ್ಲಾಸ್ಟಿಕ್ ಕವಚ ಎಸೆದು, ಬರೀ ಬೋರ್ಡನ್ನು ಮರಕ್ಕೆ ಸ್ಕ್ರೂ ಹೊಡೆಯುತ್ತಾರೆ. ಹಾಗೆ ಮಾಡಬೇಡಿ ಅನ್ನೋದು ನನ್ನ ಕೋರಿಕೆ. ಪೆಟ್ಟಿಗೆ ಅಂದರೆ ಕನ್ಸೋಲಿಗೆ ಒಂದು ಮನೆ. ಮನೆಗೆ ಬಂದವರು ಬೇಕಾದಾಗ ಎದ್ದು ಹೋಗುವಂತಿರಬೇಕು ಅಲ್ವಾ? ಮರ ಹಾಳಾದರೆ ಇನ್ನೊಂದು ಹಲಗೆ ಸಿಗುತ್ತದೆ. ನಲವತ್ತು ವರ್ಷ ಹಿಂದಿನ ಯಂತ್ರವನ್ನು ಇನ್ನು ಯಾರೂ ಮಾಡುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೊದಲ ಸಲ ಕೈ ಹಾಕಿದಾಗ ಹಳೆಯ ಕಂಟ್ರೋಲರ್ ಒಂದನ್ನು ಬಿಚ್ಚಿದೆ. ಅದರ ಬೋರ್ಡಿನ ಮೇಲೆ, ಬಟನ್ ಬಂದು ತಾಗುವ ಕಡೆ, ಕಪ್ಪು ಕಾರ್ಬನ್ ಲೇಪ ಇರುತ್ತದೆ. ಅದನ್ನು ಕೆರೆದು ತೆಗೆದು, ಕೆಳಗಿನ ತಾಮ್ರಕ್ಕೆ ವೈರು ಬೆಸೆಯಲು ಹೋದೆ. ಕಾವು ಜಾಸ್ತಿಯಾಯಿತು. ತಾಮ್ರದ ಪದರವೇ ಬೋರ್ಡಿನಿಂದ ಎದ್ದು ಬಂತು. ಅದು ನನ್ನ ತಂಗಿ ಹಿಡಿಯುತ್ತಿದ್ದ ಎರಡನೇ ಕಂಟ್ರೋಲರ್. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಹಳೆಯದು ಯಾವುದನ್ನೂ ಕತ್ತರಿಸದೆ ಈ ಪೆಟ್ಟಿಗೆ ಕಟ್ಟಬೇಕು ಅಂತ.

ಅದಕ್ಕೂ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಮನೆಯ ಕನ್ಸೋಲನ್ನು ಆರ್ಕೇಡ್ ಪೆಟ್ಟಿಗೆಯಲ್ಲಿ ಇಟ್ಟರೆ ಅದು ನಕಲಿ ಆರ್ಕೇಡ್ ಆಗುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಕಂಪನಿಗಳೇ ಇದನ್ನು ಮಾಡಿದ್ದವು. ಡಾಂಕಿ ಕಾಂಗ್ 1981ರಲ್ಲಿ ಬಂದ ಆರ್ಕೇಡ್ ಆಟ. 1983ರ ಜುಲೈ 15ರಂದು ಜಪಾನಿನಲ್ಲಿ ಫ್ಯಾಮಿಕಾಮ್, ಅಂದರೆ ಎನ್‌ಇಎಸ್‌ನ ಜಪಾನಿ ರೂಪ, ಬಿಡುಗಡೆಯಾಯಿತು. ಅದನ್ನು ರೂಪಿಸಿದ ತಂಡದ ಮುಂದಾಳು ಮಸಾಯುಕಿ ಉಎಮುರ. ಮೊದಲ ದಿನ ಅದರ ಜೊತೆ ಬಂದ ಮೂರು ಆಟಗಳೂ ಆರ್ಕೇಡಿನವೇ: ಡಾಂಕಿ ಕಾಂಗ್, ಡಾಂಕಿ ಕಾಂಗ್ ಜೂನಿಯರ್, ಪಾಪಾಯ್. ಅಂದರೆ ಆರ್ಕೇಡನ್ನು ಮನೆಗೆ ತರಲೆಂದೇ ಹುಟ್ಟಿದ ಯಂತ್ರ ಅದು. ಮರುವರ್ಷವೇ, 1984ರಲ್ಲಿ, ನಿಂಟೆಂಡೊ ಅದೇ ಯಂತ್ರಾಂಶವನ್ನು ಸ್ವಲ್ಪ ಬದಲಿಸಿ ವಿಎಸ್ ಸಿಸ್ಟಮ್ ಅನ್ನುವ ಆರ್ಕೇಡ್ ಪೆಟ್ಟಿಗೆಗೆ ಹಾಕಿತು. 1986ರಲ್ಲಿ ಪ್ಲೇಚಾಯ್ಸ್-10 ಬಂತು. ಅದರಲ್ಲಿ ಹತ್ತು ಎನ್‌ಇಎಸ್ ಆಟಗಳನ್ನು ತುಂಬಬಹುದಿತ್ತು. ನಾಣ್ಯ ಹಾಕಿದರೆ ಸಿಗುತ್ತಿದ್ದದ್ದು ಆಡುವ ಹೊತ್ತು. ಎನ್‌ಇಎಸ್ ಪಾಲಿಗೆ ಮನೆಯಿಂದ ಪೆಟ್ಟಿಗೆಗೆ ಹೋಗುವ ದಾರಿ ಹೊಸದೇನಲ್ಲ.

ಬೇರೆ ಕಂಪನಿಗಳೂ ಹೀಗೇ ಮಾಡಿದವು. ಎಸ್‌ಎನ್‌ಕೆ 1990ರಲ್ಲಿ ನಿಯೋ ಜಿಯೋ ತಂದಾಗ ಆರ್ಕೇಡಿಗೂ ಮನೆಗೂ ಒಂದೇ ಯಂತ್ರಾಂಶ ಕೊಟ್ಟಿತು. ಸೆಗಾ 1998ರಲ್ಲಿ ತಂದ ನಯೋಮಿ ಬೋರ್ಡ್ ಮತ್ತು ಡ್ರೀಮ್‌ಕಾಸ್ಟ್ ಕನ್ಸೋಲ್ ಅಣ್ಣತಮ್ಮ ಇದ್ದ ಹಾಗೆ. ಅದೇ ಪ್ರೊಸೆಸರ್, ಅದೇ ಗ್ರಾಫಿಕ್ಸ್ ಚಿಪ್. ನಯೋಮಿಯಲ್ಲಿ ಮೆಮೊರಿ ಮಾತ್ರ ಜಾಸ್ತಿ. ಹಾಗಾಗಿ ನಿಮ್ಮ ಹತ್ತಿರ ಡ್ರೀಮ್‌ಕಾಸ್ಟ್ ಇದ್ದರೆ ನನಗಿಂತ ನೀವೇ ಆರ್ಕೇಡಿಗೆ ಹತ್ತಿರ ಇದ್ದೀರಿ.

ಇನ್ನೊಂದು ಪ್ರಶ್ನೆಯೂ ಬರುತ್ತದೆ. ಅಂಗೈಯಷ್ಟು ಕಂಪ್ಯೂಟರ್ ಒಂದನ್ನು ಒಳಗಿಟ್ಟರೆ ಸಾವಿರ ಆಟ ಆಡಬಹುದಲ್ಲ ಅಂತ. ಆಡಬಹುದು, ಅದು ಸುಲಭ ಕೂಡ. ಆದರೆ ಎನ್‌ಇಎಸ್ ಚಿತ್ರ ಬಿಡಿಸುವ ರೀತಿ ನನಗೆ ತುಂಬಾ ಇಷ್ಟ. ಅದರ ಹತ್ತಿರ ಇಡೀ ಚಿತ್ರವನ್ನು ಕೂಡಿಡುವ ಮೆಮೊರಿಯೇ ಇಲ್ಲ. ಗೆರೆಯ ನಂತರ ಗೆರೆಯಾಗಿ, ಆಯಾ ಕ್ಷಣಕ್ಕೆ ಲೆಕ್ಕ ಹಾಕಿ, ನೇರವಾಗಿ ಟೀವಿಗೆ ಕಳಿಸುತ್ತದೆ. ಹಳೆಯ ಟ್ಯೂಬ್ ಟೀವಿಯೂ ಅದನ್ನು ಎಲ್ಲೂ ತಡೆದಿಡದೆ ಗಾಜಿನ ಮೇಲೆ ಬರೆಯುತ್ತದೆ. ಹೀಗಾಗಿ ಬೆರಳು ಒತ್ತಿದ್ದಕ್ಕೂ ತೆರೆಯ ಮೇಲೆ ಹಾರಿದ್ದಕ್ಕೂ ನಡುವೆ ಅಂತರ ಇದ್ದಂತೆ ಅನಿಸುವುದೇ ಇಲ್ಲ. ನನಗೆ ಬೇಕಿದ್ದದ್ದು ಆ ಅನುಭವ.

ಈಗ ಕೈಗಳ ವಿಷಯಕ್ಕೆ ಬರೋಣ. ಪೆಟ್ಟಿಗೆ ಕಟ್ಟುವ ಕೆಲಸದ ಜೀವಾಳ ಅಂದರೆ ಈ ಹಲಗೆ. ಕನ್ಸೋಲಿಗೆ ಹೊರಗಿನ ಪ್ರಪಂಚ ಗೊತ್ತಾಗುವುದು ಕಂಟ್ರೋಲರ್ ಕಿಂಡಿಯಿಂದ ಮಾತ್ರ. ಆ ಕಿಂಡಿಯ ಭಾಷೆ ನಮಗೆ ಬಂದರೆ ಸಾಕು, ಒಳಗೆ ಕೈ ಹಾಕುವ ಅಗತ್ಯವೇ ಬೀಳುವುದಿಲ್ಲ.

ಆ ಭಾಷೆ ಎಷ್ಟು ಸರಳ ನೋಡಿ. ಎನ್‌ಇಎಸ್ ಕಂಟ್ರೋಲರಿನಲ್ಲಿ ಎಂಟು ಒತ್ತುಗಳಿವೆ. ಆದರೆ ಕೆಲಸಕ್ಕೆ ಬರುವ ವೈರು ಐದೇ. ಒಂದರಲ್ಲಿ 5 ವೋಲ್ಟ್, ಒಂದು ಗ್ರೌಂಡ್. ಉಳಿದ ಮೂರು ಮಾತಾಡುವ ವೈರುಗಳು. ಒಳಗೆ 4021 ಅನ್ನುವ ಒಂದು ಪುಟ್ಟ ಚಿಪ್ ಕೂತಿರುತ್ತದೆ. ಅದರ ಕೆಲಸ ತರಗತಿಯಲ್ಲಿ ಹಾಜರಿ ಕರೆದ ಹಾಗೆ. ಕನ್ಸೋಲ್ ಮೊದಲು ಲ್ಯಾಚ್ ವೈರಿನಲ್ಲಿ ಒಂದು ಸಂಕೇತ ಕೊಡುತ್ತದೆ: ಎಲ್ಲರೂ ಈಗ ಹೇಗಿದ್ದೀರೋ ಹಾಗೇ ಇರಿ. ಚಿಪ್ ಆ ಕ್ಷಣದ ಎಂಟೂ ಬಟನ್‌ಗಳ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕ್ಲಾಕ್ ವೈರಿನಲ್ಲಿ ಒಂದೊಂದೇ ತಟ್ಟು. ಪ್ರತಿ ತಟ್ಟಿಗೂ ಡೇಟಾ ವೈರಿನಲ್ಲಿ ಒಂದೊಂದು ಉತ್ತರ. ಹಾಜರಿಯ ಕ್ರಮ ಎಂದೂ ಬದಲಾಗುವುದಿಲ್ಲ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಸಾಮಾನ್ಯವಾಗಿ ಆಟವೊಂದು ಪ್ರತಿ ಚಿತ್ರಕ್ಕೂ ಒಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 60 ಸಲ, ಈ ಹಾಜರಿ ಕರೆಯುತ್ತದೆ. ಕೆಲವು ದೇಶಗಳ ಟೀವಿಗೆ ಮಾಡಿದ ಕನ್ಸೋಲಿನಲ್ಲಿ 50 ಸಲ.

ಇದು ಅರ್ಥವಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಯಾಕೆಂದರೆ 4021 ಚಿಪ್ ಬಿಡಿಯಾಗಿ ಸಿಗುತ್ತದೆ. ಅದೇನೂ ಗುಟ್ಟಿನ ಚಿಪ್ ಅಲ್ಲ, ಸಾಮಾನ್ಯ ಶಿಫ್ಟ್ ರಿಜಿಸ್ಟರ್. ಒಂದು 4021, 10 ಕಿಲೊಓಮ್‌ನ ಎಂಟು ರೆಸಿಸ್ಟರ್, ಒಂದು ಸಣ್ಣ ಕೆಪಾಸಿಟರ್, ಬೆಸೆಯಲು ಒಂದು ಖಾಲಿ ಬೋರ್ಡ್. ಕಂಟ್ರೋಲರ್ ಮುಗಿಯಿತು. ಹಳೆಯ ಕಂಟ್ರೋಲರ್ ಯಾವುದನ್ನೂ ಬಲಿ ಕೊಡಬೇಕಿಲ್ಲ. ಕನ್ಸೋಲಿಗೆ ಸಿಕ್ಕಿಸುವ ಪ್ಲಗ್ ಎಲ್ಲಿಂದ ಅಂತ ಕೇಳಬಹುದು. ಕಂಟ್ರೋಲರ್ ವೈರನ್ನು ಉದ್ದ ಮಾಡುವ ಎಕ್ಸ್‌ಟೆನ್ಷನ್ ಕೇಬಲ್ ಹೊಸದಾಗಿಯೇ ಸಿಗುತ್ತದೆ. ಅದನ್ನು ಮಧ್ಯಕ್ಕೆ ಕತ್ತರಿಸಿದರೆ ಪ್ಲಗ್ ಸಿಕ್ಕಿತು. ಒಳಗಿನ ವೈರುಗಳ ಬಣ್ಣ ನಂಬಬೇಡಿ. ಒಂದು ಕೇಬಲಿನಲ್ಲಿ ಇದ್ದ ಬಣ್ಣ ಇನ್ನೊಂದರಲ್ಲಿ ಇರುವುದಿಲ್ಲ. ಮಲ್ಟಿಮೀಟರ್ ಹಿಡಿದು ಯಾವ ಪಿನ್ ಯಾವ ವೈರಿಗೆ ಹೋಗಿದೆ ಅಂತ ಒಂದೊಂದೇ ನೋಡಿ ಬರೆದಿಟ್ಟುಕೊಳ್ಳಿ.

ರೆಸಿಸ್ಟರ್ ಯಾಕೆ ಬೇಕು ಅನ್ನೋದನ್ನೂ ಹೇಳುತ್ತೇನೆ. ಬಟನ್ ಒತ್ತದೆ ಇರುವಾಗ ಚಿಪ್ಪಿನ ಕಾಲು 5 ವೋಲ್ಟಿನಲ್ಲಿ ಗಟ್ಟಿಯಾಗಿ ನಿಂತಿರಬೇಕು. ಒತ್ತಿದಾಗ ಗ್ರೌಂಡಿಗೆ ಇಳಿಯಬೇಕು. ಹಾಗೆ ನಿಲ್ಲಿಸುವುದೇ ರೆಸಿಸ್ಟರ್. ಅದಿಲ್ಲದಿದ್ದರೆ ಕಾಲು ಗಾಳಿಯಲ್ಲಿ ತೇಲುತ್ತದೆ, ಹತ್ತಿರ ಬಂದ ಕೈಯ ವಿದ್ಯುತ್ತೂ ಅದನ್ನು ಅಲುಗಾಡಿಸುತ್ತದೆ. ನನ್ನ ಮೊದಲ ಬೋರ್ಡಿನಲ್ಲಿ ಒಂದು ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ಜಾಯ್‌ಸ್ಟಿಕ್ ಹತ್ತಿರ ಕೈ ತಂದರೆ ಸಾಕು, ಮುಟ್ಟದೆಯೇ ಮಾರಿಯೋ ಎಡಕ್ಕೆ ನಡೆಯುತ್ತಿದ್ದ. ಎರಡು ದಿನ ಜಾಯ್‌ಸ್ಟಿಕ್ಕನ್ನೇ ಬಿಚ್ಚಿ ಬಿಚ್ಚಿ ನೋಡಿದೆ. ತಪ್ಪು ಇದ್ದದ್ದು ಆ ಒಂದು ಬೆಸುಗೆಯಲ್ಲಿ.

ಆರ್ಕೇಡ್ ಬಟನ್ ಕೆಳಗೆ ಮೈಕ್ರೋಸ್ವಿಚ್ ಇರುತ್ತದೆ. ಕೆಲವಕ್ಕೆ ಮೂರು ಕಾಲು. ಒಂದು ಸಾಮಾನ್ಯ ಕಾಲು, ಒಂದು ಒತ್ತಿದಾಗ ಸೇರುವುದು, ಒಂದು ಒತ್ತದಿದ್ದಾಗ ಸೇರಿರುವುದು. ನಮಗೆ ಬೇಕಾದದ್ದು ಮೊದಲಿನೆರಡು. ಮೂರನೆಯದಕ್ಕೆ ಹಾಕಿದರೆ ಎಲ್ಲ ಉಲ್ಟಾ: ಒತ್ತದಿದ್ದಾಗ ಒತ್ತಿದಂತೆ, ಒತ್ತಿದಾಗ ಬಿಟ್ಟಂತೆ. ಎಲ್ಲ ಸ್ವಿಚ್ಚಿನ ಸಾಮಾನ್ಯ ಕಾಲುಗಳನ್ನು ಒಂದೇ ವೈರಿನಲ್ಲಿ ಮಾಲೆಯಂತೆ ಪೋಣಿಸಿ ಗ್ರೌಂಡಿಗೆ ಕೊಡಿ. ಇನ್ನೊಂದು ಕಾಲಿನಿಂದ ಚಿಪ್ಪಿಗೆ ಒಂದೊಂದು ವೈರು. ಸ್ವಿಚ್ಚಿಗೆ ಬೆಸುಗೆ ಹಾಕಬೇಡಿ, ಸಿಕ್ಕಿಸುವ ಕ್ಲಿಪ್ ಬಳಸಿ. ಸ್ವಿಚ್ ಸವೆದಾಗ ಎರಡು ನಿಮಿಷದಲ್ಲಿ ಬದಲಿಸಬಹುದು. ಜಪಾನ್ ಮಾದರಿಯ ಬಟನ್‌ಗೆ ಸಾಮಾನ್ಯವಾಗಿ 2.8 ಮಿ.ಮೀ. ಕ್ಲಿಪ್, ಅಮೆರಿಕ ಮಾದರಿಗೆ 4.8 ಮಿ.ಮೀ. ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಜಾಯ್‌ಸ್ಟಿಕ್ಕಿನಲ್ಲಿ ಒಂದು ಮೋಸ ಇದೆ. ಕಡ್ಡಿ ನಡುವಿನ ಒಂದು ಬಿಂದುವಿನ ಮೇಲೆ ತಿರುಗುತ್ತದೆ. ತಲೆಯನ್ನು ಎಡಕ್ಕೆ ತಳ್ಳಿದರೆ ಬುಡ ಬಲಕ್ಕೆ ಹೋಗುತ್ತದೆ. ಹಾಗಾಗಿ ಎಡಕ್ಕೆ ತಳ್ಳಿದಾಗ ಒತ್ತಿಕೊಳ್ಳುವುದು ಬಲಗಡೆಯ ಸ್ವಿಚ್. ಮೊದಲ ಸಲ ಮಾಡುವವರು ಇದನ್ನು ಉಲ್ಟಾ ಜೋಡಿಸುವುದೇ ಜಾಸ್ತಿ. ಕಡ್ಡಿಯ ಕೆಳಗೆ ಚೌಕಾಕಾರದ ಒಂದು ತಡೆ ಕೂಡ ಇರುತ್ತದೆ. ಹಲವು ಜಾಯ್‌ಸ್ಟಿಕ್‌ಗಳಲ್ಲಿ ಅದನ್ನು ತಿರುಗಿಸಿಯೋ ಬದಲಿಸಿಯೋ ಎಂಟು ದಿಕ್ಕಿನ ಬದಲು ನಾಲ್ಕೇ ದಿಕ್ಕಿಗೆ ಹೋಗುವಂತೆ ಮಾಡಬಹುದು. ಪ್ಯಾಕ್-ಮ್ಯಾನ್, ಡಾಂಕಿ ಕಾಂಗ್ ತರಹದ ಆಟಕ್ಕೆ ನಾಲ್ಕು ದಿಕ್ಕೇ ಚೆನ್ನ. ಓರೆ ದಿಕ್ಕು ಸಿಗುವಂತಿದ್ದರೆ ತಿರುವಿನಲ್ಲಿ ಕೈ ತಪ್ಪುತ್ತದೆ.

ಹಲಗೆ ಕೊರೆಯುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ದಪ್ಪ ರಟ್ಟಿಗೆ ತೂತು ಮಾಡಿ, ನಿಜವಾದ ಬಟನ್‌ಗಳನ್ನೇ ಸಿಕ್ಕಿಸಿ, ಬೇಕಾದ ಎತ್ತರದಲ್ಲಿಟ್ಟು ಒಂದು ಗಂಟೆ ಆಡಿ. ಕಾಗದದ ಮೇಲೆ ಚೆಂದ ಕಂಡದ್ದು ಕೈಗೆ ಹಿತವಾಗಿರಬೇಕು ಅಂತೇನಿಲ್ಲ. ನಾನು ಮೊದಲು ಬಟನ್‌ಗಳನ್ನು ನೇರ ಸಾಲಿನಲ್ಲಿ ಇಟ್ಟಿದ್ದೆ. ಬೆರಳುಗಳ ಉದ್ದ ಒಂದೇ ಅಲ್ಲವಲ್ಲ, ಮಣಿಕಟ್ಟು ತಿರುಚಿಕೊಳ್ಳುತ್ತಿತ್ತು. ಎ ಬಟನ್ನನ್ನು ಸ್ವಲ್ಪ ಮೇಲಕ್ಕೆ ಸರಿಸಿದ ಮೇಲೆ ಸರಿಹೋಯಿತು. ಬಟನ್‌ಗಳ ನಡುಬಿಂದುಗಳ ಅಂತರ ಸುಮಾರು 36 ಮಿ.ಮೀ. ಇದ್ದರೆ ಸಾಕು. ಎತ್ತರಕ್ಕೆ ನಿಮ್ಮ ಮೊಣಕೈಯೇ ಅಳತೆ. ನಿಂತು, ಕೈ ಮಡಿಸಿ, ಮೊಣಕೈಗಿಂತ ಸ್ವಲ್ಪ ಕೆಳಗೆ. ನನಗೆ ಅದು 96 ಸೆಂ.ಮೀ. ಆಯಿತು. ಮುಂದಿನ ಅಂಚನ್ನು ಚೆನ್ನಾಗಿ ಉಜ್ಜಿ ಗುಂಡಗೆ ಮಾಡಿ. ಅಂಗೈ ಊರುವುದು ಅಲ್ಲೇ.

ಬಟನ್ ಕೊಳ್ಳುವಾಗ ಹಲಗೆಯ ದಪ್ಪ ನೆನಪಿಡಿ. 30 ಮಿ.ಮೀ.ನ ಸಿಕ್ಕಿಸುವ ಬಟನ್‌ಗಳನ್ನು ಮಾಡಿರುವುದು ತೆಳುವಾದ ತಗಡಿಗೆ. 18 ಮಿ.ಮೀ. ಮರದಲ್ಲಿ ಅವು ಕಚ್ಚಿಕೊಳ್ಳುವುದಿಲ್ಲ. ನಾನು ಮೇಲೆ ತೆಳುವಾದ ಲೋಹದ ತಗಡು ಹಾಕಿ, ಅದರ ಕೆಳಗಿನ ಮರವನ್ನು ಅಗಲವಾಗಿ ಕತ್ತರಿಸಿದೆ. ಉದ್ದ ಕೊಳವೆ ಇದ್ದು, ಕೆಳಗಿನಿಂದ ನಟ್ ತಿರುಗಿಸುವ ಬಟನ್ ಕೊಂಡರೆ ಈ ತಲೆನೋವು ಇಲ್ಲ.

ಇನ್ನು ತೆರೆ. ನಾನು ಟ್ಯೂಬ್ ಟೀವಿ ಇಟ್ಟೆ, ಅದೂ ಅದರ ಪ್ಲಾಸ್ಟಿಕ್ ಕವಚದ ಸಮೇತ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಟ್ಯೂಬ್ ಟೀವಿಯ ಕವಚ ತೆಗೆಯಬೇಡಿ. ಬಣ್ಣದ ಟ್ಯೂಬಿಗೆ 20,000 ವೋಲ್ಟಿಗೂ ಜಾಸ್ತಿ ಕೊಡಲಾಗುತ್ತದೆ. ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಟ್ಯೂಬಿನಲ್ಲಿ ಉಳಿದಿರಬಹುದು. ಅದನ್ನು ಇಳಿಸುವ ಕ್ರಮ ಗೊತ್ತಿರುವವರ ಕೆಲಸ ಅದು, ನಮ್ಮದಲ್ಲ. ಟೀವಿಯನ್ನು ಇದ್ದ ಹಾಗೇ ಗಟ್ಟಿ ಅಡ್ಡಹಲಗೆಯ ಮೇಲಿಟ್ಟು, ಮುಂದೆ ಕಪ್ಪು ಚೌಕಟ್ಟು ಹಾಕಿದರೆ ಕವಚ ಕಾಣುವುದೇ ಇಲ್ಲ. ಟ್ಯೂಬಿನ ಭಾರವೆಲ್ಲ ಮುಂದಿನ ಗಾಜಿನಲ್ಲಿರುತ್ತದೆ. ಆದ್ದರಿಂದ ಅಡ್ಡಹಲಗೆಯನ್ನು ಹಿಂದಕ್ಕೆ ವಾಲಿಸಿ, ಟೀವಿಯನ್ನು ಪಟ್ಟಿಯಿಂದ ಬಿಗಿಯಿರಿ. ಬೇರೆ ಸ್ಪೀಕರ್ ಹಾಕುವುದಾದರೆ ಮ್ಯಾಗ್ನೆಟ್ಟಿಗೆ ರಕ್ಷಾಕವಚ ಇರುವಂಥದ್ದೇ ಬೇಕು. ಇಲ್ಲದಿದ್ದರೆ ತೆರೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆಗಳು ಏಳುತ್ತವೆ.

ಎಲ್‌ಸಿಡಿ ಹಾಕಬಾರದೇ? ಹಾಕಬಹುದು. ಹಗುರ, ಅಪಾಯವೂ ಇಲ್ಲ. ಆದರೆ ಎನ್‌ಇಎಸ್ ಕಳಿಸುವ ಚಿತ್ರ 240 ಗೆರೆಯದು. ಎಷ್ಟೋ ಎಲ್‌ಸಿಡಿಗಳು ಅದನ್ನು ಬೇರೆ ಬಗೆಯ 480 ಗೆರೆಯ ಚಿತ್ರ ಅಂದುಕೊಂಡು ಹೆಣೆಯಲು ಕೂರುತ್ತವೆ, ಅಲ್ಲಿ ಹೊತ್ತು ಹೋಗುತ್ತದೆ. ಒಂದು ಚಿತ್ರದ ಅವಧಿ 16.7 ಮಿಲಿಸೆಕೆಂಡ್. ಅಂಥ ಮೂರ್ನಾಲ್ಕು ತಡವಾದರೆ ಜಿಗಿತ ತಪ್ಪುತ್ತದೆ. ತೆರೆಗೆ ಗುರಿಯಿಟ್ಟು ಆಡುವ ಹಳೆಯ ಬೆಳಕಿನ ಬಂದೂಕೂ ಎಲ್‌ಸಿಡಿಯಲ್ಲಿ ಕೆಲಸ ಮಾಡುವುದಿಲ್ಲ. ಡ್ರೀಮ್‌ಕಾಸ್ಟ್ ಇದ್ದವರು ಪುಣ್ಯವಂತರು. ಅದು ಬಹುಪಾಲು ಆಟಗಳಲ್ಲಿ ನೇರವಾಗಿ ವಿಜಿಎ ಕೊಡುತ್ತದೆ, ಹಳೆಯ ಕಂಪ್ಯೂಟರ್ ಮಾನಿಟರ್ ಸಾಕು.

ಮರದ ಕೆಲಸದ ಬಗ್ಗೆ ನಾನು ಕಡಿಮೆ ಹೇಳುತ್ತೇನೆ, ನನಗಿಂತ ಚೆನ್ನಾಗಿ ಬಲ್ಲವರು ನಿಮ್ಮಲ್ಲೇ ಇದ್ದಾರೆ. 18 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ನುಣುಪಾಗಿರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ಪೂರ್ತಿ ಹಾಳೆ ಸುಮಾರು 40 ಕೆ.ಜಿ. ತೂಗುತ್ತದೆ. ಕತ್ತರಿಸುವಾಗ ಏಳುವ ನವಿರು ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಗರಗಸ ಮುಟ್ಟಬೇಡಿ. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಪದರ ಬಿಡುತ್ತದೆ. ಪ್ಲೈವುಡ್ ಹಗುರ, ಗಟ್ಟಿ. ಇನ್ನೊಮ್ಮೆ ಮಾಡಿದರೆ ನಾನು ಪ್ಲೈವುಡ್ಡನ್ನೇ ಹಿಡಿಯುತ್ತೇನೆ. ಮತ್ತೆ, ಬಾಗಿಲು ಅಳೆಯಿರಿ. ನನ್ನ ಪೆಟ್ಟಿಗೆಯ ಆಳ ಕೋಣೆಯ ಬಾಗಿಲಿಗಿಂತ 3 ಸೆಂ.ಮೀ. ಜಾಸ್ತಿ ಆಗಿತ್ತು. ಅಂಟು ಒಣಗಿದ ಮೇಲೆ ಗೊತ್ತಾಯಿತು. ಮುಂಭಾಗವನ್ನು ಕೊಯ್ದು, ಬೋಲ್ಟ್ ಹಾಕಿ, ಬಿಚ್ಚುವಂತೆ ಮಾಡಬೇಕಾಯಿತು. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ಈ ಹಲಗೆ ಹೀಗೆ ಬಿಚ್ಚಿ ಬರುವುದು ಆ ಬೋಲ್ಟುಗಳಿಂದಲೇ.

ಕನ್ಸೋಲ್ ಇರುವುದು ಹಲಗೆಯ ಕೆಳಗೆ, ಮುಂದಕ್ಕೆ ಎಳೆಯುವ ಒಂದು ಡ್ರಾಯರಿನಲ್ಲಿ. ಕಾರ್ಟ್ರಿಜ್, ಅಂದರೆ ಆಟ ತುಂಬಿದ ಡಬ್ಬಿ, ಬದಲಿಸಲು ಡ್ರಾಯರ್ ಎಳೆದರೆ ಸಾಕು. ಡ್ರಾಯರಿನ ತಳದಲ್ಲಿ ಉದ್ದ ಸೀಳು ಬಿಟ್ಟಿದ್ದೇನೆ, ಪೆಟ್ಟಿಗೆಯ ಹಿಂದೆ ಮೇಲ್ಗಡೆಯೂ ಗಾಳಿಕಿಂಡಿ ಇದೆ. ಟೀವಿಯ ಬಿಸಿ ಮೇಲಿನಿಂದ ಹೋಗುತ್ತದೆ, ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಎನ್‌ಇಎಸ್‌ನ ಪವರ್ ಬಟನ್ ಒತ್ತಿದರೆ ಒಳಗೇ ನಿಲ್ಲುವ ಜಾತಿಯದು. ಹಾಗಾಗಿ ಅದನ್ನು ಒತ್ತಿಟ್ಟು, ಟೀವಿ, ಮೇಲಿನ ಹೆಸರು ಫಲಕದ ದೀಪ, ಕನ್ಸೋಲ್ ಮೂರನ್ನೂ ಒಂದೇ ಸ್ವಿಚ್ ಬೋರ್ಡಿಗೆ ಕೊಟ್ಟಿದ್ದೇನೆ.

ಆದರೆ ಆ ಒಂದು ಸ್ವಿಚ್ಚಿಗೆ ಒಂದು ಮಿತಿ ಇದೆ. ದಿ ಲೆಜೆಂಡ್ ಆಫ್ ಜೆಲ್ಡಾದಂಥ ಆಟಗಳ ಕಾರ್ಟ್ರಿಜ್ಜಿನಲ್ಲಿ ಪುಟ್ಟ ಬ್ಯಾಟರಿ ಇರುತ್ತದೆ, ನಾವು ಎಲ್ಲಿಯವರೆಗೆ ಆಡಿದೆವು ಅನ್ನೋದನ್ನು ಅದು ಕಾಯುತ್ತದೆ. ಅಂಥವನ್ನು ಆರಿಸುವಾಗ ರೀಸೆಟ್ ಒತ್ತಿ ಹಿಡಿದು ಆಮೇಲೆ ಪವರ್ ತೆಗೆಯಬೇಕು. ಸುಮ್ನೆ ಮೇನ್ ಸ್ವಿಚ್ ಆರಿಸಿದರೆ ಉಳಿಸಿದ್ದು ಅಳಿಸಿಹೋಗಬಹುದು. ನಾನಂತೂ ಅಂಥ ಉದ್ದದ ಆಟಗಳನ್ನು ಪೆಟ್ಟಿಗೆಯಲ್ಲಿ ಆಡುವುದಿಲ್ಲ. ಗಂಟೆಗಟ್ಟಲೆ ನಿಂತು ಆಡುವ ಆಟ ಅಲ್ಲ ಅದು. ಕನ್ಸೋಲನ್ನು ಎತ್ತಿಕೊಂಡು ಹೋಗಿ ಕೂತು ಆಡುತ್ತೇನೆ. ಪೆಟ್ಟಿಗೆಗೆ ಒಪ್ಪುವುದು ಗ್ಯಾಲಗಾ, ಗ್ರೇಡಿಯಸ್, ಡಾಂಕಿ ಕಾಂಗ್. ಎನ್‌ಇಎಸ್‌ನ ಡಾಂಕಿ ಕಾಂಗಿನಲ್ಲಿ ಆರ್ಕೇಡಿನ ನಾಲ್ಕು ಹಂತಗಳ ಪೈಕಿ ಒಂದು ಇಲ್ಲ. ಮೂಲದಲ್ಲಿ ತೆರೆ ನಿಲುವಾಗಿತ್ತು, ಇಲ್ಲಿ ಅಡ್ಡ. ಅದೆಲ್ಲ ಗೊತ್ತಿದ್ದೂ, ಕೆಂಪು ಚೆಂಡಿನ ಕಡ್ಡಿ ಹಿಡಿದು ಏಣಿ ಹತ್ತುವಾಗ ನನಗೆ ಏನೂ ಕೊರತೆ ಅನಿಸಿಲ್ಲ.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಎನ್‌ಇಎಸ್ ಜೊತೆ ಬರುವ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ. ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ. ಪ್ಲಗ್ ಹೋಗುತ್ತದೆ ಅಂತ ಅದನ್ನು ಇದಕ್ಕೆ ಹಾಕಿದರೆ ಫ್ಯಾಮಿಕಾಮ್ ಸುಟ್ಟುಹೋಗಬಹುದು. ಪೆಟ್ಟಿಗೆಯೊಳಗೆ ಕತ್ತಲೆ, ಎಲ್ಲ ವೈರೂ ಕಪ್ಪು. ಪ್ರತಿ ಅಡಾಪ್ಟರಿಗೂ ಚೀಟಿ ಅಂಟಿಸಿ.

ಆಟ ಶುರುವಾಗದೆ ಕನ್ಸೋಲಿನ ದೀಪ ಮಿಣುಕುತ್ತಿದ್ದರೆ ಕಾರ್ಟ್ರಿಜ್ಜಿಗೆ ಊದಬೇಡಿ. ಎನ್‌ಇಎಸ್ ಒಳಗೆ ಒಂದು ಕಾವಲು ಚಿಪ್ ಇದೆ. ಕಾರ್ಟ್ರಿಜ್ಜಿನೊಳಗಿನ ಜೋಡಿ ಚಿಪ್ಪಿನ ಜೊತೆ ಮಾತು ತಪ್ಪಿದರೆ ಅದು ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ. ಮಿಣುಕು ಅದೇ. ಊದಿದಾಗ ಸರಿಹೋದಂತೆ ಅನಿಸುವುದು ತೆಗೆದು ಮತ್ತೆ ಹಾಕಿದ್ದರಿಂದ. ಬಾಯಿಯ ತೇವ ಮಾತ್ರ ಒಳಗೇ ಉಳಿದು ಲೋಹವನ್ನು ತಿನ್ನುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಲು ಬಿಡಿ.

ಈಗ ಮೇಜಿನ ಹತ್ತಿರ ಬನ್ನಿ. ಹಲಗೆಯನ್ನು ತಿರುಗಿಸಿ ಇಟ್ಟಿದ್ದೇನೆ, ಚಿಪ್ಪೂ ಎಂಟು ರೆಸಿಸ್ಟರ್‌ಗಳೂ ಕಾಣುತ್ತವೆ. ಕಡ್ಡಿಯನ್ನು ಎಡಕ್ಕೆ ತಳ್ಳಿ, ಬಲಗಡೆಯ ಸ್ವಿಚ್ ಕ್ಲಿಕ್ ಅನ್ನೋದನ್ನು ನೋಡಿ. ಆಮೇಲೆ ಟೀವಿಗೆ ಜೋಡಿಸಿ ಆಡೋಣ. ಆದರೆ ಕೇಬಲ್ ಸಿಕ್ಕಿಸುವ ಮುಂಚೆ ಕನ್ಸೋಲ್ ಆರಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಮೊದಲ ಸರದಿ ನನ್ನ ತಂಗಿಯದು, ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ.